ನೀರು ಬತ್ತಿದ ಹರಕೆಕಾಯಿ

ಧರ್ಮಸ್ಥಳ, ಸುಬ್ರಹ್ಮಣ್ಯ, ಬೇಲೂರು ಎಲ್ಲ ಮುಗಿಸಿ ನಮ್ಮ ಯಾತ್ರೆಯ ಬಸ್ಸು ಊರ ಕಡೆ ತಿರುಗಿದ ದಿನ ಅದು. ಎಪ್ಪತ್ತೆಂಟನೇ ಇಸವಿ ಇರಬೇಕು. ಬಸ್ಸಿನ ತುಂಬ ದಂಡಿನಶಿವರದವರೇ. ಎಲ್ಲರಿಗೂ ಮನೆ ಸೇರುವ ಆತುರ. ನನ್ನ ಹೆಂಡತಿ ದ್ರಾಕ್ಷಾಯಣಮ್ಮನಿಗೆ ಮಾತ್ರ ಬೇರೆ ಆತುರ. ತಿಪಟೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಒಂದು ಹಳೇ ಮಿಶನ್ ಚರ್ಚು ಸಿಗುತ್ತದೆ. ಅಲ್ಲಿ ಅವಳ ಹರಕೆಯೊಂದು ಬಾಕಿ ಇತ್ತು.

ಹಿಂದಿನ ವರ್ಷ ಮಗಳು ಗಿರಿಜಾಂಬಿಕಾಳ ಹೆರಿಗೆ ಕಷ್ಟವಾಗಿ ಆ ಚರ್ಚಿನ ಪಕ್ಕದ ಆಸ್ಪತ್ರೆಗೆ ಸೇರಿಸಿದ್ದೆವು. ನರ್ಸು ಎಸ್ತರಮ್ಮ ಕೈ ಬಿಡುವಾದಾಗಲೆಲ್ಲ ಚರ್ಚಿಗೆ ಹೋಗಿ ಮೊಣಕಾಲೂರಿ ಬರುತ್ತಿದ್ದರು. ಅದನ್ನು ಕಂಡು ಇವಳೂ, ತಾಯಿ ಮಗು ಉಳಿದರೆ ನಿಮ್ಮ ಸ್ವಾಮಿಗೆ ನಮ್ಮ ತೋಟದ ಕಾಯಿ ಒಡೆಯುತ್ತೇನೆ ಎಂದು ಹೇಳಿಕೊಂಡಳು. ಇಬ್ಬರೂ ಉಳಿದರು. ಊರಿಗೆ ಬಂದವಳೇ ಒಳ್ಳೆಯ ಕಾಯಿ ಆರಿಸಿ, ಸಿಪ್ಪೆ ಸುಲಿಯದೆ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದಳು. ಹರಕೆಯ ಗಂಟನ್ನು ಆಮೇಲೆ ಯಾರೂ ಬಿಚ್ಚುವಂತಿಲ್ಲ.

ಅವತ್ತು ಬೆಳಗಿನಿಂದ ಅವಳು ಸೀಟಿನಲ್ಲಿ ಕೂತವಳಲ್ಲ. ಕಿಟಕಿಗೆ ಬಗ್ಗುವುದು, ಜೊತೆಗೆ ತಂದಿದ್ದ ಕಾಯಿಯ ಗಂಟು ಮುಟ್ಟಿ ನೋಡುವುದು, "ಏನ್ರೀ, ದಾಟಿ ಬಂದುಬುಟ್ವಾ?" ಎನ್ನುವುದು.

ಯಾತ್ರೆ ಹೊರಡಿಸಿದ್ದ ಬೆಟ್ಟಸ್ವಾಮಿಗೆ ರೇಗಿತು. "ಅಕ್ಕಾ, ಇಷ್ಟೊಂದು ದೇವ್ರು ನೋಡಿದ್ದಾಯ್ತು, ಇದೊಂದು ಬುಡು. ನಿಂಗೆ ಶಿವ ಸಾಲ್ದಾ?"

"ಶಿವನಿಗೆ ಮಾತು ಕೊಟ್ಟಿದ್ರೆ ಶಿವನೇ ಸಾಕಿತ್ತು ಕಣಪ್ಪ. ಕೊಟ್ಟಿರಾದು ಇಲ್ಲಿ."

"ಸರಿ, ಒಂದು ಬೀಡಿ ಸೇದೋ ಹೊತ್ತು. ತಡ ಆದ್ರೆ ಬುಟ್ಟು ಹೋಯ್ತೀವಿ ನೋಡು."

ಬಸ್ಸು ನಿಲ್ಲುವ ಮುಂಚೆಯೇ ಇಳಿದಳು. ಕಲ್ಲಿನ ಗೋಡೆ, ಕೆಂಪು ಹೆಂಚು, ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದಿನ ಕಟ್ಟಡ. ಬಾಗಿಲಿಗೆ ಬೀಗ. ಅವಳು ಆಸ್ಪತ್ರೆಗೆ ಓಡಿದಳು. ಎಸ್ತರಮ್ಮ ಬೀಗದಕೈ ಹಿಡಿದು ಬರುವಷ್ಟರಲ್ಲಿ ಬಸ್ಸು ಒಂದು ಸಲ ಹಾರನ್ ಹೊಡೆದಾಗಿತ್ತು.

ಒಳಗೆ ತಣ್ಣಗೆ, ಸದ್ದಿಲ್ಲ. ಸಾಲಾಗಿ ಬೆಂಚುಗಳು, ಮುಂದೆ ಬರಿಯ ಮರದ ಶಿಲುಬೆ. ಇವಳು ಕಾಯಿ ಒಡೆಯುವ ಕಲ್ಲು ಹುಡುಕುತ್ತಿದ್ದಳು.

"ನಮ್ಮಲ್ಲಿ ಕಾಯಿ ಒಡೆಯೋ ಪದ್ಧತಿ ಇಲ್ಲಮ್ಮ," ಎಂದರು ಎಸ್ತರಮ್ಮ. "ನಿಮ್ಮ ಸಮಾಧಾನಕ್ಕೆ ಮೆಟ್ಟಿಲ ಮೇಲೆ ಒಡೀರಿ, ಬೇಡ ಅನ್ನಲ್ಲ."

ಅವರು ತಂದುಕೊಟ್ಟ ಮಚ್ಚಿನಲ್ಲಿ ನಾನು ಹೊರಗೆ ಕೂತು ಸಿಪ್ಪೆ ಬಿಡಿಸಿದೆ. ಕೊನೆಯ ನಾರು ಕೀಳುವಾಗ ಕಾಯಿ ಕೈಯಲ್ಲಿ ಗಡಗಡ ಅಂದಿತು. ಇವಳು ಕಿತ್ತುಕೊಂಡು ಕಿವಿಗೆ ಹಿಡಿದಳು. ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ, ಒಣ ಕೊಬ್ಬರಿಯ ಸದ್ದು.

ನಮ್ಮ ಸೀಮೆಯವರ ಕೈಗೆ ಕಾಯಿ ಇಡಲು ಅಟ್ಟ ಒಂದೇ ಗೊತ್ತು. ಕೊಬ್ಬರಿಗೆ ಬಿಡುವ ಕಾಯಿಯೆಲ್ಲ ಅಲ್ಲೇ, ಕೆಳಗಿನ ಒಲೆಯ ಹೊಗೆ ಕುಡಿದು ವರ್ಷಕ್ಕೆ ನೀರು ಬತ್ತಿ ಕೊಬ್ಬರಿಯಾಗುತ್ತದೆ. ದೇವರ ಕಾಯಿಯನ್ನೂ ಅಲ್ಲೇ ಇಟ್ಟಿದ್ದಳು.

"ನೀರಿಲ್ಲದ ಕಾಯಿ ಯಾವ ದೇವ್ರಿಗೆ ಸಲ್ತದೆ? ನನ್ ಮೊಮ್ಮಗೀಗೆ ಏನಾರ ಆದ್ರೆ?"

"ಬೇರೆ ಕಾಯಿ ತರೋಣ ಕಣೇ. ಇಲ್ಲೇ ಮರ ಐತಲ್ಲ."

"ಹೇಳ್ಕಂಡಿದ್ದು ನಮ್ ತೋಟದ್ದು ಕಣ್ರೀ!"

ಮತ್ತೆ ಹಾರನ್. ಬೆಟ್ಟಸ್ವಾಮಿ ರಸ್ತೆಯಿಂದಲೇ, "ಅಕ್ಕಾ, ಬೀಡಿ ಮೂರಾದ್ವು!" ಎಂದು ಕೂಗಿದ.

ಇವಳು ಚರ್ಚಿನ ಒಳಗೊಂದು ಸಲ, ಎಸ್ತರಮ್ಮನ ಕಡೆಗೊಂದು ಸಲ ನೋಡಿದಳು. ಆಮೇಲೆ ಕಾಯಿಯನ್ನು ಮೆಟ್ಟಿಲಿಗೆ ಕುಕ್ಕಿದಳು. ಚಿಪ್ಪು ಸೀಳಿ ಗುಂಡನೆಯ ಕೊಬ್ಬರಿ ಉರುಳಿತು. ಅದನ್ನು ಸೆರಗಿನಲ್ಲಿ ಒರೆಸಿ, "ಸೆರಗೊಡ್ಡಿ ತಾಯಿ," ಎಂದಳು. "ದೇವ್ರಿಗೆ ಆಗ್ದಿದ್ರೂ ಕೊಬ್ಬರಿ ಮಡಿಲಿಗೆ ಆಯ್ತದೆ."

"ನಾನು ಮದುವೆ ಆದೋಳಲ್ಲಮ್ಮ. ನನಗೆ ಮಡಿಲು ತುಂಬಬಾರದು ಅಂತಾರಲ್ಲ ನಿಮ್ಮೋರು."

"ಅನ್ನೋರು ಅವತ್ತು ನನ್ ಮಗಳ ಪಕ್ಕ ಇರಲಿಲ್ಲ."

ಎಸ್ತರಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಬಿಳಿ ಸೀರೆಯ ಸೆರಗು ಒಡ್ಡಿದರು. ಮಡಿಲಿಗೆ ಬಿದ್ದ ಕೊಬ್ಬರಿಯನ್ನು ಮಚ್ಚಿನ ತುದಿಯಲ್ಲಿ ಸೀಳಿ ಒಂದು ಚೂರು ಅಲ್ಲೇ ಬಾಯಿಗೆ ಹಾಕಿಕೊಂಡರು. "ಸಿಹಿಯಾಗಿದೆ," ಎಂದರು.

ಬಸ್ಸು ಹೊರಟು ನೊಣವಿನಕೆರೆ ದಾಟುವವರೆಗೆ ಇವಳು ಖಾಲಿ ಅರಿಶಿನದ ಬಟ್ಟೆ ಮಡಿಸುತ್ತ ಕೂತಿದ್ದಳು. ಆಮೇಲೆ ಸೀಟಿನಿಂದ ಅರ್ಧ ಎದ್ದಳು.

"ಏನ್ರೀ, ಎಲೆ ಅಡಿಕೆ ಇಡಲೇ ಇಲ್ಲ. ಕುಂಕುಮ ಇಲ್ಲ, ಅಕ್ಕಿ ಇಲ್ಲ. ಬರೀ ಕೊಬ್ಬರಿ ಹಾಕಿ ಓಡಿಬಂದೆ. ಇದೂ ಒಂದು ಮಡಿಲೇನ್ರೀ?"

"ಅವರು ತಿಂದ್ರಲ್ಲ ಕಣೇ."

"ತಿಂದ್ರು, ತಿಂದ್ರು," ಎಂದು ಕೂತಳು. ಕೂತವಳು ಮತ್ತೆ ಎದ್ದಳು. "ಬರೋ ತಿಂಗಳು ಗಿರಿಜನ್ನೂ ಕೂಸನ್ನೂ ಕರ್ಕಂಡ್ ಬರಾನ. ಮಡಿಲು ಪೂರ್ತಿ ತುಂಬಬೇಕು."