ಕೊನೆಯ ದೃಶ್ಯದ ಬಾಗಿಲು

ಇನೇಜ್ ಮುಂದಿನ ಬೆಂಚಿನ ಮೇಲೆ ಕೈಚೀಲವನ್ನಿಟ್ಟು, ಅದರ ಪಕ್ಕಕ್ಕೆ ಕೊಡೆಯನ್ನೂ ಅಡ್ಡ ಮಲಗಿಸಿದಳು.

“ಆಂಟಿ, ಇಲ್ಲಿ ಒಬ್ಬರು ಕೂರಬೇಕಿತ್ತು,” ಎಂದ ಗ್ಲಾಡ್ವಿನ್. ಶವಪೆಟ್ಟಿಗೆಯಲ್ಲಿ ಮಲಗಿದ್ದ ವಿಲ್ಫಿಯ ಅಣ್ಣನ ಮಗ; ಬೆಳಗಿನ ವಿಮಾನದಲ್ಲಿ ಮೆಲ್ಬರ್ನ್‌ನಿಂದ ಬಂದಿದ್ದ.

“ಇಲ್ಲಿ ಜನ ಉಂಟು.”

“ಯಾರು?”

“ಬರ್ತಾರೆ.”

ಬರುವವರು ಯಾರೂ ಇರಲಿಲ್ಲ. ವಿಲ್ಫಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಆಸ್ಪತ್ರೆಗೆ ಹನ್ನೊಂದು ದಿನ ಗಂಜಿ ಹೊತ್ತವಳು ಇನೇಜ್. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಈ ಚರ್ಚಿನಲ್ಲಿ ಇವತ್ತು ಮೊದಲ ಬೆಂಚು ಅವಳದಲ್ಲದೆ ಇನ್ಯಾರದು?

ಆದರೆ ಗ್ಲಾಡ್ವಿನ್‌ನ ಹಿಂದೆ, ಇಳಕಲ್ ಸೀರೆಯುಟ್ಟು ಹಣೆಗೆ ವಿಭೂತಿ ಹಚ್ಚಿದ ಹೆಂಗಸೊಬ್ಬಳು ನಿಂತಿದ್ದಳು.

“ಇವರು ನೀಲಕ್ಕ ಅಂತ, ಮೆಲ್ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಪ್ರತಿ ಕ್ರಿಸ್‌ಮಸ್‌ಗೆ ಬಂದಾಗ್ಲೂ ಅಂಕಲ್ ವಾಕಿಂಗ್ ಹೋಗ್ತಿದ್ದದ್ದು ಇವರ ಜೊತೆಗೇ.”

ಪ್ರತಿ ಕ್ರಿಸ್‌ಮಸ್‌ಗೆ! ವಿಲ್ಫಿ ತಂದು ತೋರಿಸುತ್ತಿದ್ದ ಫೋಟೋಗಳು ಇನೇಜ್‌ಗೆ ನೆನಪಾದವು. ಸಮುದ್ರದೆದುರು ವಿಲ್ಫಿ, ಟ್ರ್ಯಾಮ್ ಪಕ್ಕ ವಿಲ್ಫಿ. ಆ ಫೋಟೋ ತೆಗೆದವರು ಯಾರು ಎಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ!

“ಕುಂದರ್ಲೇನ್ರಿ ಅಕ್ಕಾರ?”

ಇನೇಜ್ ಕೊಡೆಯನ್ನು ತೆಗೆದಳು. ಕೈಚೀಲ ಮಾತ್ರ ಇಬ್ಬರ ನಡುವೆ ಇದ್ದಲ್ಲೇ ಇತ್ತು.

* * *

ವಿಲ್ಫಿ ಬಸ್ ಡ್ರೈವರ್ ಆಗಿದ್ದವನು. ಪೆಂಡಲ್ ಹಿಲ್‌ನಲ್ಲಿ ಒಂದು ಬೆಳಿಗ್ಗೆ, ಓಡಿ ಬರುತ್ತಿದ್ದ ಇನೇಜಳನ್ನು ಕನ್ನಡಿಯಲ್ಲಿ ಕಂಡು, ಮುಚ್ಚಿದ ಬಾಗಿಲನ್ನು ಮತ್ತೆ ತೆರೆದಿದ್ದ. ಪರಿಚಯ ಆದದ್ದು ಹಾಗೆ.

ನಿವೃತ್ತನಾದ ಮೇಲೆ, 2014ರಲ್ಲಿ, ಚಾಟ್ಸ್‌ವುಡ್‌ಗೆ ಒಂದು ಜರ್ಮನ್ ಸಿನಿಮಾಕ್ಕೆ ಕರೆದ. ಕಣ್ಣಿಗೆ ಪೊರೆ ಬಂದು, ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಇನೇಜ್ ಎರಡು ಗಂಟೆ ಅವನ ಕಿವಿಯ ಹತ್ತಿರ ಬಾಯಿಟ್ಟು ಕೊಂಕಣಿಯಲ್ಲಿ ಪಿಸುಗುಟ್ಟಿದಳು.

ಒಬ್ಬಂಟಿ ಗುಮಾಸ್ತನ ಕತೆ ಅದು. ತಾನು ಸತ್ತೆನೆಂದು ತಾನೇ ಪತ್ರಿಕೆಗೆ ಸುದ್ದಿ ಕೊಟ್ಟು, ಯಾರು ಅಳುತ್ತಾರೆಂದು ನೋಡಲು ಚರ್ಚಿನ ಕಂಬದ ಹಿಂದೆ ಅಡಗುತ್ತಾನೆ. ಅಳುವವಳು ಒಬ್ಬಳೇ, ಅವಳೂ ಬೇರೆ ಯಾರದೋ ಸಾವಿಗೆ ಹೊರಟು ಚರ್ಚು ತಪ್ಪಿ ಬಂದವಳು. ಕೊನೆಗೆ ಅವನು ಹೂ ಹಿಡಿದು ಅವಳ ಮನೆಯ ಗಂಟೆ ಒತ್ತುತ್ತಾನೆ. ಸುತ್ತ ಮಂಜು.

“ಎಂತಾಯ್ತು ಇನೇಜ್?”

ಬಾಗಿಲು ತೆರೆಯಲೇ ಇಲ್ಲ.

“ತೆರೆದಳು,” ಎಂದಳು ಇನೇಜ್.

ಮನೆಗೆ ಬರುವವರೆಗೂ ರೈಲಿನಲ್ಲಿ ವಿಲ್ಫಿ ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

* * *

“ಸಿನಿಮಾದಾಗ ಓದಿ ಹೇಳಿದ ಇನೇಜಬಾಯಾರು ನೀವ ಏನ್ರಿ?” ಪೂಜೆ ಮುಗಿಯುತ್ತಿದ್ದಂತೆ ನೀಲಕ್ಕ ಕೇಳಿದಳು. “ಮರುವರ್ಷ ಕಣ್ಣಿನ ಆಪರೇಶನ್ ಆದಮ್ಯಾಲ ಮೆಲ್ಬರ್ನ್‌ದಾಗ ಮತ್ತ ಹಾಕಿದ್ದ ಅದ ಸಿನಿಮಾಕ್ಕ ನನ್ನೂ ಕರ್ಕೊಂಡ್ ಹೋದ್ರರಿ. ನನಗ ಇಂಗ್ಲಿಷ್ ಬರಂಗಿಲ್ಲ. ಎಲ್ಲಾ ಕಿವ್ಯಾಗ ಹೇಳಿದ್ರು.”

ತಾನು ಪಿಸುಗುಟ್ಟಿದ ಮಾತುಗಳನ್ನೆಲ್ಲ ಇನ್ನೊಬ್ಬಳ ಕಿವಿಗೆ ಸುರಿದಿದ್ದನೇ!

“ಅಷ್ಟು ಹತ್ತಿರ ಕೂತಿದ್ರಾ?”

“ದೂರ ಕುಂತ್ರ ಹೆಂಗ ಕೇಳಸ್ತದ್ರಿ?” ನೀಲಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಆದ್ರ ಕಡೀಕ ‘ಬಾಗಿಲಾ ತೆರದಳು’ ಅಂದ್ರು. ನಾ ನೋಡ್ತೀನಿ, ಬಾಗಿಲಾ ಮುಚ್ಚೇ ಐತಿ! ‘ಸುಳ್ಳ ಯಾಕ ಹೇಳ್ತೀರಿ ವಿಲ್ಫಿಯವರ?’ ಅಂದೆ. ‘ಸಿಡ್ನ್ಯಾಗ ತೆರೀತಾಳ್ರಿ’ ಅಂದ್ರು. ಹಂಗಂದ್ರ ಏನಂತ ನನಗ ಇವತ್ತಿಗೂ ತಿಳೀವಲ್ದು.”

ಇನೇಜ್ ಪೆಟ್ಟಿಗೆಯ ಕಡೆ ನೋಡಿದಳು. ಬಾಗಿಲು ತೆರೆಯಿತೆಂದು ತಾನು ಹೇಳಿದ್ದು ಸುಳ್ಳೆಂದು ಗೊತ್ತಿತ್ತು ಇವನಿಗೆ. ಗೊತ್ತಿದ್ದೂ ಎರಡು ವರ್ಷ, ಪ್ರತಿ ಭಾನುವಾರ, ತನ್ನ ಮನೆಗೆ ಬಂದು ಎದುರು ಕೂತು ಬರೀ ಚಹಾ ಕುಡಿದು ಎದ್ದು ಹೋದ.

ಅವಳು ಕೈಚೀಲವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನೀಲಕ್ಕ ಸರಿದು ಹತ್ತಿರ ಕೂತಳು.

* * *

ಸ್ಮಶಾನದಲ್ಲಿ ಫಾದರ್ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಿದ್ದರು: ಮಣ್ಣಿನಿಂದ ಬಂದದ್ದು ಮಣ್ಣಿಗೆ. ಮೊದಲ ಹಿಡಿ ಹಾಕಲು ಇನೇಜ್ ಮಣ್ಣು ಹಿಡಿದು ಮುಂದೆ ನಿಂತಿದ್ದಳು. ನೀಲಕ್ಕ ಅವಳ ತೋಳು ಜಗ್ಗಿದಳು.

“ಸ್ವಾಮಿಗಳು ಏನಂದ್ರರಿ?”

ಇನೇಜ್ ಅವಳ ಕಿವಿಯತ್ತ ಬಾಗಿದಳು.

“ವಿಲ್ಫಿಗೆ ಬೇಕಾದವರ ಹೆಸರು ಹೇಳಿದ್ರು.”

“ನನ್ನ ಹೆಸರೂ?”

“ಹೂಂ. ಮೊದಲು ನನ್ನದು. ಆಮೇಲೆ ನಿಮ್ಮದು.”

ನೀಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದು ಕೈಯನ್ನು ಮುಂದೆ ಚಾಚಿದಳು. ಇನೇಜ್ ತನ್ನ ಮುಷ್ಟಿಯ ಮಣ್ಣನ್ನು ಆ ಅಂಗೈಗೆ ಸುರಿದಳು. ಅರ್ಧಕ್ಕಿಂತ ತುಸು ಕಡಿಮೆ.