ಚಿಕ್ಕವಳಿಗೆ ಸಿಕ್ಕ ಕುರ್ಚಿ

"ಏಯ್ ಮುಂಡೇದೆ, ಪೊರಕೆ ಹಿಡ್ಕೊಂಡು ಬಾಗಿಲಲ್ಲೇ ಬಾಯಿ ಬಿಟ್ಕೊಂಡು ನಿಂತಿದೀಯಲ್ಲ, ಇಲ್ಲೇನು ಕೋತಿ ಕುಣಿಸ್ತಿದೀವಾ? ನಡಿ ಆಚೆ!"

ಶಿಕ್ಷಣ ಇಲಾಖೆಯ ಸಾಹೇಬರು ಹೀಗೆ ಅಂದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ನಕ್ಕರು. ಜಲ್ಲಿ ಮಿಷನ್ನಿನ ಧಣಿ ನಕ್ಕ. ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ಅವರು ನಕ್ಕಿದ್ದಕ್ಕೆ ದೊಡ್ಡವಳಿಗೆ ಏನೂ ಅನ್ನಿಸಲಿಲ್ಲ. ಶಾಲೆ ಗುಡಿಸುವವಳಿಗೆ ಅದೆಲ್ಲ ಮಾಮೂಲು. ಆದರೆ ಕುರ್ಚಿಯ ಮೇಲೆ ಕೂತಿದ್ದ ಚಿಕ್ಕವಳೂ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳಲ್ಲ, ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಚಿಕ್ಕವಳು ಅಂದರೆ ಬೇರೆ ಯಾರೂ ಅಲ್ಲ, ಮೈದುನನ ಹೆಂಡತಿ, ಸ್ವಂತ ಓರಗಿತ್ತಿ. ಕ್ವಾರಿ ಪಕ್ಕದ ಕಾಲೋನಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಸಮಿತಿಯಲ್ಲಿ ಕಾಲೋನಿಯ ಒಬ್ಬ ತಾಯಿ ಇರಲೇಬೇಕು ಅಂತ ಸರ್ಕಾರದ ಆದೇಶ ಬಂದಾಗ ಆ ಜಾಗ ತನ್ನದೇ ಅಂತ ದೊಡ್ಡವಳು ತಿಳಿದಿದ್ದಳು. ಇಡೀ ಕಾಲೋನಿಯೂ ಹಾಗೇ ತಿಳಿದಿತ್ತು. ಧಣಿ ಬಂದವನೇ, "ನಿಂಗೆ ಬಾಯಿ ಜಾಸ್ತಿ ಕಣೇ" ಅಂದು, ತಲೆ ಬಗ್ಗಿಸಿ ನಿಂತಿದ್ದ ಚಿಕ್ಕವಳ ಕಡೆ ಬೆರಳು ತೋರಿಸಿದ. ಅವತ್ತಿನಿಂದ ದೊಡ್ಡವಳು ಅವಳ ಹತ್ತಿರ ಮಾತು ಬಿಟ್ಟಿದ್ದಾಳೆ.

ಈಗ ನೋಡಿ, ಇವಳು ಬೆಳಿಗ್ಗೆ ಒರೆಸಿಟ್ಟ ಕುರ್ಚಿಯ ಮೇಲೆ ಅವಳು ಕೂತಿದ್ದಾಳೆ. ಕೈಯಲ್ಲಿ ಟೀ, ಕಪ್ಪಿನ ಕೆಳಗೆ ಬಸಿ ಬೇರೆ! ದೊಡ್ಡವಳ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅಂಗಳ ಗುಡಿಸುವ ನೆವ ಮಾಡಿಕೊಂಡು ಹಿಂದಿನ ಕಿಟಕಿಗೆ ಬಂದು ನಿಂತಳು.

ಒಳಗೆ ಸಾಹೇಬರು ಏನೋ ಓದುತ್ತಿದ್ದರು. ಗುಣಮಟ್ಟ, ಸಂಪನ್ಮೂಲ, ವಿಲೀನ, ಹೊಸ ನೀತಿ. ದೊಡ್ಡವಳ ಕಿವಿ ಅಲ್ಲಿದ್ದರೂ ಕಣ್ಣು ಚಿಕ್ಕವಳ ಬಿಸ್ಕತ್ತಿನ ಮೇಲಿತ್ತು. ಹಾಳಾದವಳು, ಟೀಯಲ್ಲಿ ಅದ್ದಿ ತಿನ್ನುತ್ತಿದ್ದಾಳೆ, ದೊಡ್ಡ ಮನುಷ್ಯರ ಮನೆ ಹೆಣ್ಣುಮಗಳ ಹಾಗೆ!

"ಸರಿ, ಕೈ ಎತ್ತಿ" ಅಂದರು ಸಾಹೇಬರು.

ಎಲ್ಲರಿಗಿಂತ ಮೊದಲು ಮೇಲೆ ಹೋದದ್ದು ಚಿಕ್ಕವಳ ಕೈ.

ಹೋಗದೆ ಇನ್ನೇನು? ದಿನಾ ಬೆಳಕು ಹರಿಯುವಾಗ ಮಿಷನ್ನಿನ ಗೇಟಿನ ಮುಂದೆ ಮೇಸ್ತ್ರಿ ಬಂದು "ಕೈ ಎತ್ರೋ" ಅಂತ ಕೂಗುತ್ತಾನೆ. ಯಾವ ಕೆಲಸ, ಎಲ್ಲಿ, ಎಷ್ಟು ಹೊತ್ತು ಅಂತ ಯಾರೂ ಕೇಳುವ ಹಾಗಿಲ್ಲ. ಮೊದಲು ಎತ್ತಿದವರು ಟ್ರ್ಯಾಕ್ಟರ್ ಹತ್ತುತ್ತಾರೆ, ತಡ ಮಾಡಿದವರು ಖಾಲಿ ಹೊಟ್ಟೆಯಲ್ಲಿ ಮನೆಗೆ ನಡೆಯುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಕಾಲೋನಿಯವರ ಕೈ ತಲೆಯನ್ನು ಕೇಳಿಕೊಂಡು ಏಳುವುದಿಲ್ಲ.

"ನೋಡಿ ಸಾರ್, ತಾಯಂದಿರೇ ಮೊದ್ಲು ಒಪ್ಪಿದಾರೆ!" ಧಣಿ ಹಲ್ಲು ಕಿರಿದ.

"ಸರ್ವಾನುಮತ" ಅಂದರು ಸಾಹೇಬರು.

ಕಿಟಕಿಯಾಚೆ ದೊಡ್ಡವಳ ಕೈಯೂ ಪೊರಕೆ ಸಮೇತ ಮೇಲೆದ್ದು ನಿಂತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವಳ ಹೊಟ್ಟೆ ಉರಿದದ್ದು ಅದಕ್ಕೇ. ಕಾಲೋನಿಯ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುವುದಕ್ಕೆ ಈ ಕೈ ಎತ್ತಿಸಿದ್ದು ಅಂತ ಮೇಷ್ಟ್ರ ಬಾಯಿಂದ ತಿಳಿದದ್ದು ಆಮೇಲೆ, ಟೀ ಕಪ್ಪು ತೊಳೆಯುವಾಗ. ಶಾಲೆಯ ಅಡಿಯಲ್ಲಿ ಒಳ್ಳೆ ಬಂಡೆ ಇದೆ, ಧಣಿಯ ಕಣ್ಣು ಅದರ ಮೇಲಿದೆ ಅನ್ನುವುದು ಮಾತ್ರ ಕಾಲೋನಿಗೆ ಮೊದಲೇ ಗೊತ್ತಿತ್ತು.

ಸಂಜೆ ನಲ್ಲಿಯ ಹತ್ತಿರ ಮೌನ ಮುರಿಯಿತು.

"ಯಾತಕ್ಕೇ ಕೈ ಎತ್ತಿದೆ, ಮನೆಹಾಳಿ?"

"ಎತ್ತಿ ಅಂದ್ರು, ಎತ್ತಿದೆ ಅಕ್ಕ."

"ನಿನ್ ಕೈ ಸೇದೋಗ! ಆ ಲಾರಿಗಳ ಮಧ್ಯೆ ಮಕ್ಳು ಹೆದ್ದಾರಿ ದಾಟ್ಬೇಕಾ? ನನ್ ಮಗಳಿಗೆ ಈಗ್ತಾನೆ ಓದೋಕೆ ಬರ್ತಿದೆ. ಬಿಸ್ಕತ್ತು ಕೊಟ್ರೆ ಮಕ್ಕಳ ಸ್ಕೂಲನ್ನೇ ಬರ್ಕೊಟ್ಬಿಡ್ತೀಯಾ?"

"ನೀನೂ ಎತ್ತಿದ್ದೆ. ಕಿಟಕೀಲಿ ಪೊರಕೆ ಕಂಡೆ."

ದೊಡ್ಡವಳು ಕೊಡವನ್ನು ನಲ್ಲಿಯ ಕೆಳಗೆ ಕುಕ್ಕಿದಳು. ಆಮೇಲೆ, "ಆ ಕುರ್ಚಿ ನಂಗೆ ಸಿಕ್ಕಿದ್ರೆ..." ಅಂದಳು.

"ಸಿಕ್ಕಿದ್ರೆ ಏನ್ ಕಡಿದು ಕಟ್ಟೆ ಹಾಕ್ತಿದ್ದೆ?" ಅಂದು ಚಿಕ್ಕವಳು ಕೊಡ ಎತ್ತಿಕೊಂಡು ಹೋದಳು. ಕುರ್ಚಿಯಲ್ಲಿ ಕೂತ ಮೇಲೆ ಅವಳಿಗೂ ಬಾಯಿ ಬಂದಿತ್ತು.

ಕೆಲವೇ ದಿನಗಳಲ್ಲಿ ಕಾಲೋನಿ ಶಾಲೆಯ ಬೆಂಚುಗಳನ್ನು ಲಾರಿಗೆ ತುಂಬಿಸಿದರು. ತುಂಬಿದವಳು ದೊಡ್ಡವಳೇ. ಬಾಗಿಲಿಗೆ ಬೀಗ ಬಿತ್ತು. ಮಕ್ಕಳು ಕೈ ಕೈ ಹಿಡಿದು ಹೆದ್ದಾರಿ ದಾಟಿ ಹೋಗತೊಡಗಿದರು. ದೊಡ್ಡವಳ ಮಗಳು ದಿನಾ ಲಂಗದ ಹಿಂಭಾಗಕ್ಕೆಲ್ಲ ಧೂಳು ಮೆತ್ತಿಕೊಂಡು ಬರುತ್ತಿದ್ದಳು. ಕೇಳಿದರೆ "ಆಟ ಆಡಿದೆ" ಅನ್ನುತ್ತಿದ್ದಳು.

ದೊಡ್ಡವಳನ್ನೂ ಆ ಶಾಲೆ ಗುಡಿಸಲು ಹಾಕಿದರು. ಮೊದಲ ದಿನ ಒಳಗೆ ಕಾಲಿಟ್ಟವಳು ಸುಮ್ಮನೆ ನೋಡುತ್ತಾ ನಿಂತುಬಿಟ್ಟಳು. ತಿರುಗಿಸಿದರೆ ನೀರು ಬರುವ ನಲ್ಲಿ. ಬಾಗಿಲಿರುವ ಕಕ್ಕಸು, ಬಾಗಿಲಿಗೆ ಚಿಲಕ. ಗೋಡೆ ತುಂಬ ಬಣ್ಣದ ಚಿತ್ರ. ಒಂದೇ ಸರ್ಕಾರ, ಹೆದ್ದಾರಿಯ ಆ ಕಡೆಗೆ ಮಲತಾಯಿ, ಈ ಕಡೆಗೆ ಹೆತ್ತತಾಯಿ! ಹೊಟ್ಟೆಕಿಚ್ಚಿಗೆ ಅವಳ ಕಣ್ಣಲ್ಲಿ ನೀರು ಬಂತು.

ವರಾಂಡ ತಿರುಗಿದಾಗ ಮಗಳು ಕಂಡಳು. ಕಾಲೋನಿಯ ಮಕ್ಕಳೆಲ್ಲ ಬರೀ ನೆಲದ ಮೇಲೆ, ಒಳಗಿನ ಮಕ್ಕಳು ಬಿಟ್ಟ ಚಪ್ಪಲಿಗಳ ಪಕ್ಕ ಸಾಲಾಗಿ ಕೂತಿದ್ದರು. ಅಮ್ಮನನ್ನು ನೋಡಿದ ಮಗಳು ಮುಖ ಪುಸ್ತಕದೊಳಗೆ ಇಟ್ಟುಕೊಂಡಳು.

ಒಳಗೆ ಇಣುಕಿದರೆ ಕಾಲೋನಿಯ ಬೆಂಚುಗಳೇ! ಮುರಿದ ಕಾಲಿಗೆ ತಾನೇ ತಂತಿ ಸುತ್ತಿದ್ದ ಬೆಂಚು ಕೂಡ ಅಲ್ಲಿತ್ತು. ಅದರ ಮೇಲೆ ನೀಟಾಗಿ ತಲೆ ಬಾಚಿಕೊಂಡ ಒಬ್ಬಳು ಪುಟ್ಟ ಹುಡುಗಿ ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ಮಗಳ ವಯಸ್ಸಿನ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಅಂತ ದೊಡ್ಡವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಳು.

"ನಮ್ ಮಕ್ಳು ಯಾಕೆ ಮೇಡಂ ಹೊರಗೆ?"

ಟೀಚರಮ್ಮ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡಳು. "ತಲೆ ತುಂಬ ಹೇನು, ಮೈ ತುಂಬ ಜಲ್ಲಿ ಪುಡಿ. ಪಕ್ಕ ಕೂರಿಸಿದ್ರೆ ಬೇರೆ ತಂದೆ ತಾಯಿ ಸುಮ್ನೆ ಬಿಡ್ತಾರಾ? ಸೇರಿಸ್ಕೊಂಡಿದೀವಲ್ಲ, ಅದೇ ಹೆಚ್ಚು. ನೀನು ಕಕ್ಕಸು ತೊಳಿ ಹೋಗು. ಸಾಹೇಬರು ಬರ್ತಿದಾರೆ."

ಸಾಹೇಬರು ಬಂದರು. ಧಣಿ ಬಂದ. ಜೊತೆಗೆ ಚಿಕ್ಕವಳೂ ಬಂದಳು. ವಿಲೀನ ಚೆನ್ನಾಗಿ ಆಗಿದೆ ಅಂತ ಫೋಟೋ ತೆಗೆಸಬೇಕಿತ್ತು. ತರಗತಿಯ ಮುಂದೆ ಕುರ್ಚಿ ಹಾಕಿ ಕಾಲೋನಿಯ ತಾಯಿಯನ್ನು ನಟ್ಟ ನಡುವೆ ಕೂರಿಸಿದರು. ಮತ್ತೆ ಕುರ್ಚಿ! ಇವಳ ಕೈಯಲ್ಲಿ ಮತ್ತೆ ಪೊರಕೆ!

ದೊಡ್ಡವಳಿಗೆ ಏನು ಬಡಿಯಿತೋ. ಪೊರಕೆಯನ್ನು ಅಲ್ಲೇ ಎಸೆದು ನೇರ ತರಗತಿಯೊಳಗೆ ನುಗ್ಗಿದಳು.

"ಏಳಮ್ಮ ಪುಟ್ಟಿ, ಒಂಚೂರು ಏಳು."

ಹುಡುಗಿ ಎದ್ದಳು. ದೊಡ್ಡವಳು ಬೆಂಚಿನ ಒಂದು ತುದಿ ಹಿಡಿದು ಎಳೆದಳು. ಕಿರ್ ಅಂತ ಇಡೀ ಶಾಲೆಗೆ ಕೇಳಿಸಿತು.

"ಏಯ್ ಬೋಸುಡಿ, ಬಿಡೇ ಅದನ್ನ! ಸರ್ಕಾರದ ಆಸ್ತಿ ಅದು!" ಧಣಿ ಅರಚಿದ.

"ನನ್ ಮಗಳೂ ಸರ್ಕಾರದ ಸ್ಕೂಲಿಗೇ ಬಂದಿರೋದು ಕಣೋ, ನಿಮ್ಮಪ್ಪನ ಮನೆಗಲ್ಲ!"

ಬೆಂಚು ಉದ್ದ, ತೂಕ. ಒಬ್ಬಳಿಂದ ಆಗುವ ಕೆಲಸವಲ್ಲ. ಹೊಸಿಲಿಗೆ ಸಿಕ್ಕಿಕೊಂಡು ನಿಂತಿತು. ಎಳೆದಳು, ಬರಲಿಲ್ಲ. ಧಣಿ ನಗಲು ಶುರು ಮಾಡಿದ.

ಚಿಕ್ಕವಳು ವರಾಂಡದ ಕಡೆ ನೋಡಿದಳು. ಅವಳ ಮಗನೂ ಅಲ್ಲೇ ಇದ್ದ, ಚಪ್ಪಲಿಗಳ ಪಕ್ಕ. ಕುರ್ಚಿಯಿಂದ ಎದ್ದಳು.

"ಏ, ಕೂತ್ಕೋ! ಫೋಟೋ ಆಗಿಲ್ಲ!"

"ನಿನ್ ಫೋಟೋಗೆ ಬೆಂಕಿ ಬೀಳ" ಅಂದಳು ಚಿಕ್ಕವಳು. ಬಾಗಿಲು ದಾಟಿ ಒಳಗೆ ಬಂದು ಇನ್ನೊಂದು ತುದಿ ಎತ್ತಿದಳು.

ಅಡ್ಡ ಬಂದ ಸಾಹೇಬರು ಗೋಡೆಗೆ ಅಂಟಿಕೊಳ್ಳಬೇಕಾಯಿತು. ಬೆಂಚು ವರಾಂಡದಲ್ಲಿ ನಿಲ್ಲಲಿಲ್ಲ. ಅಂಗಳ ದಾಟಿತು, ಗೇಟು ದಾಟಿತು, ಹೆದ್ದಾರಿಯ ನಡುಮಧ್ಯದಲ್ಲಿ ಹೋಗಿ ಕೂತಿತು. ಹಿಂದೆಯೇ ಓಡಿ ಬಂದ ಮಗಳು ಲಂಗ ಕೊಡವಿಕೊಂಡು ಅದರ ಮೇಲೆ ಕೂತಳು, ಪಕ್ಕದಲ್ಲಿ ಚಿಕ್ಕವಳ ಮಗ. ಧಣಿಯ ಜಲ್ಲಿ ಲಾರಿ ಹಾರ್ನ್ ಹೊಡೆಯುತ್ತಾ ಬಂದು, ದೂರದಲ್ಲೇ ನಿಂತಿತು. ಅದರ ಹಿಂದೆ ಇನ್ನೊಂದು.

"ಅಕ್ಕ, ಒಂದೇ ಬೆಂಚು ಸಾಲ್ದು, ಉಳಿದವನ್ನೂ ತರಣ ಬಾ" ಅನ್ನುತ್ತಾ ಚಿಕ್ಕವಳು ಆಗಲೇ ಗೇಟಿನ ಕಡೆ ಓಡುತ್ತಿದ್ದಳು.

ಆ ಮಾತನ್ನು ತಾನು ಮೊದಲು ಆಡಬೇಕಿತ್ತು. ಹೊಟ್ಟೆ ಉರಿಯುತ್ತಲೇ ದೊಡ್ಡವಳು ಅವಳನ್ನು ಹಿಂದೆ ಹಾಕಲು ಓಡಿದಳು.