ಗಿರಿಯಮ್ಮನ ಎರಡು ಬಣ್ಣದ ಜಾಡಿ

ಬಾಳೆಹೊನ್ನೂರಿನ ಗಂಗಾಂಬಿಕೆಗೆ ಹಳೇ ಜಾಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೂ ಅಷ್ಟೇ, ಕಾಫಿ ಬರುವುದರೊಳಗೆ ಅಡುಗೆಮನೆ ಮೂಲೆಯ ಉಪ್ಪಿನಕಾಯಿ ಜಾಡಿಯನ್ನು ಬೆರಳಗಿಣ್ಣಿನಿಂದ ಒಮ್ಮೆ ಬಡಿದು ನೋಡಲೇಬೇಕು. ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಎಲ್ಲೋ ಬಿರುಕು. ಆಮೇಲೆ ಬುಡ ಮೇಲು ಮಾಡಿ ಮುದ್ರೆ ಹುಡುಕುವುದು, ಬಾಯಿಯ ಸುತ್ತ ಉಗುರಾಡಿಸುವುದು. ಹೀಗೆ ಕೊಂಡ ಪಿಂಗಾಣಿ ಜಾಡಿ, ಬಸಿ, ತಟ್ಟೆಗಳನ್ನು ತೊಳೆದು, ಜಗಲಿಯ ಬೆಳಕಿನಲ್ಲಿ ಫೋಟೊ ತೆಗೆದು, ಫೋನಿನಲ್ಲೇ ಮಾರುತ್ತಾಳೆ. "ಯಾರದೋ ಮನೆ ಹಳೇ ಜಾಡಿಗೆ ಜನ ದುಡ್ಡು ಕೊಡ್ತಾರಲ್ಲ" ಎಂದು ಗಂಡ ಸೋಮನಾಥ್ ಮೊದಮೊದಲು ನಕ್ಕಿದ್ದ. ಈಗ ಪೆಟ್ಟಿಗೆಗೆ ಹುಲ್ಲು ತುರುಕುವವನು ಅವನೇ.

ಫೋಟೊ ನೋಡಿ ಕೊಳ್ಳುವವರಿಗೆ ಟಣ್ ಕೇಳಿಸುವುದಿಲ್ಲವಲ್ಲ. ಅದಕ್ಕೇ ಅವಳು ತನ್ನ ಪೇಜಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದಳು: ಇಲ್ಲಿ ಬಿರುಕಿನ ಮಾಲು ಸಿಗುವುದಿಲ್ಲ. ಇಡೀ ವ್ಯಾಪಾರ ನಿಂತಿದ್ದು ಆ ಒಂದು ಮಾತಿನ ಮೇಲೆ. ಅದನ್ನೇ ನಂಬಿ ಮೈಸೂರಿನ ಸುಬ್ಬಲಕ್ಷ್ಮಿ ಎನ್ನುವವರು, ಮೇಲೆ ಕಂದು ಕೆಳಗೆ ಕೆನೆಬಣ್ಣದ, ಮೊಣಕಾಲೆತ್ತರದ ಜಾಡಿ ಬೇಕೇ ಬೇಕು ಎಂದು ದುಂಬಾಲು ಬಿದ್ದಿದ್ದರು. ತವರಿನಲ್ಲಿ ಅಂಥದ್ದೇ ಇತ್ತಂತೆ. ಮಾವಿನ ಮಿಡಿ ಬರುವುದರೊಳಗೆ ಕಳಿಸುತ್ತೇನೆಂದು ಗಂಗಾಂಬಿಕೆ ಒಪ್ಪಿಕೊಂಡೂ ಬಿಟ್ಟಿದ್ದಳು.

ಅಂಥ ಜಾಡಿ ಸಿಕ್ಕಿದ್ದು ಕಮ್ಮರಡಿಯ ಗಿರಿಯಮ್ಮನ ಮನೆಯಲ್ಲಿ. ಎಪ್ಪತ್ತು ದಾಟಿದರೂ ಗಿರಿಯಮ್ಮನದು ಗಟ್ಟಿ ದನಿ, ಗಟ್ಟಿ ಮಾತು. "ಮೊದಲು ಇದರ ತುಂಬ ಮಿಡಿ ಹಾಕಿದ್ರೂ ವರ್ಷಕ್ಕೆ ಸಾಲ್ತಿರ್ಲಿಲ್ಲ. ಈಗ ಮನೇಲಿ ಎಲ್ಲರಿಗೂ ಬೀಪಿ. ಉಪ್ಪು ಕಂಡ್ರೆ ಹುಲಿ ಕಂಡಂಗೆ ಮಾಡ್ತಾರೆ. ತಗೊಂಡ್ಹೋಗು" ಎಂದರು. ಆದರೆ ಜಾಡಿ ಹೊರಗೆ ಬಂದಾಗ ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು, ಅರ್ಧದವರೆಗೆ ಹೋದ ವರ್ಷದ ಮಿಡಿ ಉಪ್ಪಿನಕಾಯಿ ಇತ್ತು.

"ಖಾಲಿ ಮಾಡಿ ಕೊಡಿ ಅಮ್ಮ, ಒಂದ್ಸಲ ಬಡಿದು ನೋಡ್ತೀನಿ."

"ಖಾಲಿ ಜಾಡಿ ಹೊಸ್ತಿಲು ದಾಟಿಸೋದಾ? ಎಂತ ಮಾತು ಆಡ್ತೀಯ ಮಾರಾಯ್ತಿ."

ಇದಕ್ಕೆ ಗಂಗಾಂಬಿಕೆ ಏನು ಹೇಳಿಯಾಳು? ಪಕ್ಕದ ಮನೆಯ ಲೋಟವನ್ನೂ ಒಂದು ಚೂರು ಬೆಲ್ಲ ಹಾಕದೆ ವಾಪಸ್ ಕೊಡದವಳು ಅವಳು. ತುಂಬಿದ್ದನ್ನು ಬಡಿದರೆ ಗಟ್ಟಿ ಜಾಡಿಯೂ ಟಪ್ ಅನ್ನುತ್ತದೆ, ಪ್ರಯೋಜನವಿಲ್ಲ. ಹೊರಮೈ ಸವರಿ ನೋಡಿದಳು. ಸೋರಿದ್ದರೆ ಉಪ್ಪು ಹೊರಗೆ ಬೆಳ್ಳಗೆ ಕಟ್ಟಿರಬೇಕು. ಎಲ್ಲೂ ಇಲ್ಲ. ಬುಡದ ಮುದ್ರೆ ಅರ್ಧ ಅಳಿಸಿದ್ದರೂ ಹಳೇ ಕಾಲದ್ದೇ. ಒಳ್ಳೇ ಬೆಲೆಯನ್ನೇ ಕೊಟ್ಟು, ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು.

ಮನೆಯಲ್ಲಿ ಮಿಡಿಯನ್ನು ಬೇರೆ ಜಾಡಿಗೆ ಹಾಕಿ, ಎಣ್ಣೆ ಜಿಡ್ಡು ಹೋಗಲೆಂದು ಕುದಿಯುವ ನೀರು ಸುರಿದಳು. ಫೋಟೊಗೆ ಬಟ್ಟೆ ಹಾಸಿ ಬರುವುದರೊಳಗೆ ಜಾಡಿಯ ಹೆಗಲಿಂದ ಕಂದು ಬಣ್ಣ ಮುಗಿಯುವವರೆಗೆ ಒಂದು ಗೆರೆ ಎದ್ದಿತ್ತು. ಗೆರೆಯುದ್ದಕ್ಕೂ ನೀರು ಜಿನುಗುತ್ತಿತ್ತು. ಒರಸಿದರೆ ಬೆರಳಿಗೆ ಕಂದು ಅಂಟು. ಹಳೇ ಬಿರುಕಿಗೆ ಯಾರೋ ಏನನ್ನೋ ಮೆತ್ತಿ ಮುಚ್ಚಿದ್ದರು.

ಗಂಗಾಂಬಿಕೆಗೆ ಮೈಯೆಲ್ಲ ಉರಿಯಿತು. ದುಡ್ಡು ಹೋದದ್ದಕ್ಕಲ್ಲ. ಅಮ್ಮಾ ಅಮ್ಮಾ ಎಂದು ಕರೆದವಳಿಗೇ ಹೀಗಾ? ಬಿರುಕು ಮುಚ್ಚಲೆಂದೇ ಮಿಡಿ ತುಂಬಿಸಿದ್ದಾ? "ನಾಳೆ ಹೋಗಿ ಅವರ ಜಗಲಿ ಮೇಲೆ ಕುಕ್ಕಿ ಬರ್ತೀನಿ" ಎಂದಳು.

"ಕುಕ್ಕಬೇಡ, ಪೂರ್ತಿ ಒಡೆಯುತ್ತೆ" ಎಂದ ಸೋಮನಾಥ್.

ಮರುದಿನ ಕೊಪ್ಪದಲ್ಲಿ ಬಸ್ಸು ಬದಲಿಸಿ ಕಮ್ಮರಡಿಗೆ ಹೋಗುವವರೆಗೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಳು. ಗಿರಿಯಮ್ಮ ಜಗಲಿಯಲ್ಲೇ ಕೂತಿದ್ದರು. ಗಂಗಾಂಬಿಕೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು: "ಒಡೆದ ಜಾಡಿ ಕೊಟ್ರಲ್ಲ ಅಮ್ಮ, ನಂಬಿದ್ದಕ್ಕೆ ಸರಿಯಾಗೇ ಮಾಡಿದ್ರಿ."

ಗಿರಿಯಮ್ಮ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಚ್ಚಳ ತೆಗೆದು ಒಳಗೆ ಕೈಹಾಕಿದರು. ಕೈಗೆ ಕಾಫಿಪುಡಿಯ ಪೊಟ್ಟಣ ಬಂತು.

"ಇದೆಂತ?"

ಗಂಗಾಂಬಿಕೆಯ ಮುಖ ಕೆಂಪಾಯಿತು. ಹೊರಡುವಾಗ ಅದು ತಾನೇ ಇಟ್ಟದ್ದು. ಸಿಟ್ಟು ಎಷ್ಟೇ ಇರಲಿ, ಖಾಲಿ ಜಾಡಿಯನ್ನು ವಾಪಸ್ ಕೊಡಲು ಕೈ ಬಂದಿರಲಿಲ್ಲ.

"ಜಗಳಕ್ಕೆ ಬಂದೋಳು ಕಾಫಿಪುಡಿ ತಂದ್ಯಲ್ಲ ಮಾರಾಯ್ತಿ" ಎಂದು ಗಿರಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗಾಂಬಿಕೆಗೂ ನಗು ತಡೆಯಲಾಗಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಬಸ್ಸಿನಲ್ಲೇ ಉಳಿದುಹೋಯಿತು.

ನಕ್ಕು ಮುಗಿಸಿ ಗಿರಿಯಮ್ಮ ಗೆರೆ ನೋಡಿದರು. "ಬಿಸಿನೀರು ಹಾಕಿದ್ಯಾ? ಮಿಡಿ ಜಾಡಿಗೆ ಯಾರಾದ್ರೂ ಬಿಸಿನೀರು ಹಾಕ್ತಾರಾ? ಇದು ನಾನು ಮದುವೆಯಾಗಿ ಬಂದ ವರ್ಷ ಎತ್ತಿಡೋಕೆ ಹೋಗಿ ಸೀಳಿದ್ದು. ಅತ್ತೆ ಒಂದು ಮಾತು ಬೈಲಿಲ್ಲ, ಹಲಸಿನ ಮೇಣ ಹಾಕಿ ಕೂರಿಸಿದ್ರು. ಅಲ್ಲಿಂದ ಇಲ್ಲಿವರೆಗೆ ಒಂದು ಹನಿ ಸೋರಿಲ್ಲ. ಸೋರದೇ ಇರೋದನ್ನ ಒಡೆದಿದ್ದು ಅಂತ ಹೇಳೋದು ಹ್ಯಾಗೆ?"

ಅವರಿಗೆ ಅದು ನಿಜವಾಗಿಯೂ ಒಡೆದ ಜಾಡಿಯಾಗಿರಲಿಲ್ಲ. ಅಷ್ಟು ಅರ್ಥವಾದ ಮೇಲೆ ಗಂಗಾಂಬಿಕೆಗೆ ತನ್ನ ಬಾಯಿಯ ಬಗ್ಗೆ ನಾಚಿಕೆಯಾಯಿತು. ಗಿರಿಯಮ್ಮ ಕಡ್ಡಿಗೆ ಸುತ್ತಿಟ್ಟಿದ್ದ ಮೇಣ ತಂದು, ಕೆಂಡಕ್ಕೆ ಹಿಡಿದು, ಎಳೆದು, ಗೆರೆಯೊಳಕ್ಕೆ ಒತ್ತಿ, ಮೇಲೆ ಇಟ್ಟಿಗೆ ಪುಡಿ ಉಜ್ಜಿದರು. ಗೆರೆ ಮಾಯವಾಯಿತು. "ಈಗ ಕಳಿಸು. ಯಾರಿಗೂ ಗೊತ್ತಾಗಲ್ಲ."

ಅದೇ ಹೊತ್ತಿಗೆ ಸುಬ್ಬಲಕ್ಷ್ಮಿಯವರ ಫೋನು ಬರಬೇಕೇ? "ಜಾಡಿ ಸಿಕ್ಕಿತಾ?"

ಗಂಗಾಂಬಿಕೆ ಜಾಡಿಯ ಕಡೆ ನೋಡಿದಳು. ಗೆರೆ ಎಲ್ಲಿತ್ತೆಂದು ಅವಳಿಗೇ ಕಾಣುತ್ತಿರಲಿಲ್ಲ. ಹೂಂ ಎಂದರೆ ಮುಗಿಯಿತು, ನಾಳೆಯೇ ಪೆಟ್ಟಿಗೆ ಹೊರಡುತ್ತದೆ. ಹೂಂ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಸಿಕ್ಕಿದೆ ಮೇಡಂ. ಆದರೆ ಬಿರುಕಿದೆ, ಮೇಣ ಹಾಕಿ ಕೂರಿಸಿದ್ದು. ಸೋರಲ್ಲ. ಬಿಸಿನೀರು ಹಾಕಿದ್ರೆ ಬಿಟ್ಟುಕೊಳ್ಳುತ್ತೆ."

"ಬಿರುಕಿನದು ಬೇಡ ಗಂಗಾಂಬಿಕೆ" ಎಂದರು ಸುಬ್ಬಲಕ್ಷ್ಮಿ. "ಬೇರೆ ಸಿಕ್ಕಿದಾಗ ಕಳಿಸಿ. ಮಿಡಿ ಹೊತ್ತಿಗೇ ಆಗ್ಬೇಕು ಅಂತಿಲ್ಲ, ಕಾಯ್ತೀನಿ. ಫೋಟೊನೂ ಬೇಡ, ನೀವು ಸರಿಯಿದೆ ಅಂದ್ರೆ ಸಾಕು."

ಫೋನಿಟ್ಟ ಮೇಲೆ ಗಂಗಾಂಬಿಕೆಗೆ ಅಳು ಬಂತು, ಸಂತೋಷಕ್ಕೇ. ಗಿರಿಯಮ್ಮ ದುಡ್ಡು ವಾಪಸ್ ತರಲು ಎದ್ದರೆ ಬೇಡವೇ ಬೇಡ ಎಂದು ಕೈ ಹಿಡಿದು ಕೂರಿಸಿದಳು. ಮಾರಾಟಕ್ಕಾಗದಿದ್ದರೆ ತನಗೇ ಇರಲಿ ಎಂದಳು. ಹಾಗಾದರೆ ಸರಿ ಎಂದು ಗಿರಿಯಮ್ಮ ಒಳಗೆ ಹೋದರು. ಬರುವಾಗ ಕೈಯಲ್ಲಿ ಮಿಡಿಯ ಪಾತ್ರೆಯಿತ್ತು, ಸೌಟಿತ್ತು.

ಮೊದಲಿನಷ್ಟೇ ಭಾರವಾದ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಸಂಜೆ ಮನೆಗೆ ಬಂದಳು. "ಕೊಟ್ಟು ಬರ್ತೀನಿ ಅಂತ ಹೋದೋಳು ತುಂಬಿಸ್ಕೊಂಡು ಬಂದ್ಯಲ್ಲ" ಎಂದ ಸೋಮನಾಥ್. "ಇದಕ್ಕೆ ಎಷ್ಟು ಬೆಲೆ ಹಾಕ್ತೀಯ?"

"ಮಿಡಿ ಮುಗೀಲಿ ತಡೀರಿ. ಬಿರುಕಿದೆ ಅಂತ ಬರೆದೇ ಮಾರ್ತೀನಿ."

ಸುಬ್ಬಲಕ್ಷ್ಮಿಯವರಿಗೆ ಗಟ್ಟಿ ಜಾಡಿ ಆ ಮಳೆಗಾಲದಲ್ಲೇ ಕೊಪ್ಪದ ಕಡೆ ಸಿಕ್ಕಿತು, ಹೋಯಿತು. ಇದು ಮಾತ್ರ ಇನ್ನೂ ಗಂಗಾಂಬಿಕೆಯ ಅಡುಗೆಮನೆಯಲ್ಲೇ ಇದೆ. ಮಿಡಿ ತಳ ಕಂಡಾಗಲೆಲ್ಲ ಅವಳು ಅದರಲ್ಲಿ ಕಾಫಿಪುಡಿ ಹಾಕಿಕೊಂಡು ಕಮ್ಮರಡಿಗೆ ಹೋಗುತ್ತಾಳೆ. ಗಿರಿಯಮ್ಮನಂತೂ ಖಾಲಿ ಕಳಿಸುವವರಲ್ಲ.